ಓದಿ ಹೇಳಿದ ಘಮ

ರೋಣ ತಾಲ್ಲೂಕಿನ ಬೆಳವಣಕಿಯಂಥ ಎರೆಭೂಮಿಯ ಊರುಗಳಲ್ಲಿ ಬೇಸಿಗೆ ಬಂತೆಂದರೆ ಅದನ್ನು ಪಂಚಾಂಗ ನೋಡಿ ತಿಳಿಯಬೇಕಾಗಿಲ್ಲ. ಮೂಗಿಗೇ ತಿಳಿಯುತ್ತದೆ. ಅಂಗಳದಲ್ಲಿ ಒಣಗಿದ ಕೆಂಪು ಮೆಣಸಿನಕಾಯಿ, ಎಣ್ಣೆಯಲ್ಲಿ ಹುರಿದ ಹವೀಜ, ಅಂದರೆ ಕೊತ್ತಂಬರಿ ಬೀಜ, ಒಣಕೊಬ್ಬರಿ, ಬೆಳ್ಳುಳ್ಳಿ, ಲವಂಗ, ದಾಲ್ಚಿನ್ನಿ ಎಲ್ಲ ಸೇರಿ ವರ್ಷಕ್ಕಾಗುವಷ್ಟು ಮಸಾಲೆ ಖಾರ ಸಿದ್ಧವಾಗುವ ಕಾಲ ಅದು. ಒಂದು ಮನೆಯಲ್ಲಿ ಮೆಣಸಿನಕಾಯಿ ಹುರಿದರೆ ಓಣಿಯ ನಾಲ್ಕು ಮನೆಯವರು ಕೆಮ್ಮುತ್ತಾರೆ. ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ನಾಳೆ ಅವರ ಸರದಿ.

2022ರ ಬೇಸಿಗೆಯಲ್ಲಿ ಅಂಥದೊಂದು ಮನೆಯ ಅಡುಗೆಮನೆಯಲ್ಲಿ ಸೊಸೆ ಮೆಣಸಿನಕಾಯಿ ಹುರಿಯುತ್ತಿದ್ದಳು. ಪಡಸಾಲೆಯಲ್ಲಿ ಕುಳಿತಿದ್ದ ಆಯಿಗೆ ಒಮ್ಮೆಲೇ ಸೀನು ಬಂತು. ಒಂದು, ಎರಡು, ಮೂರು. ಕಣ್ಣಲ್ಲಿ ನೀರು. ಆಕೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಲೇ ಮೊಮ್ಮಗಳನ್ನು ಕೂಗಿದಳು: “ಬಂತು ನೋಡ ಯವ್ವಾ, ನನಗ ವಾಸನಿ ಬಂತು!”

ಒಂಬತ್ತನೆಯ ತರಗತಿ ಮುಗಿಸಿ ರಜೆಯಲ್ಲಿದ್ದ ಮೊಮ್ಮಗಳು ಓಡಿಬಂದಳು. ಆಯಿ ದೇವರ ಮುಂದಿನ ಮಲ್ಲಿಗೆ ತರಿಸಿ ಮೂಗಿಗೆ ಹಿಡಿದಳು. ಆಮೇಲೆ ಊದಿನಕಡ್ಡಿ. ಆಮೇಲೆ ಬೆಳ್ಳುಳ್ಳಿ ಜಜ್ಜಿ ನೋಡಿದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. “ಏನೂ ಇಲ್ಲ ಬಿಡು,” ಎಂದು ಆಯಿ ಎದ್ದು ಒಳಗೆ ಹೋದಳು.

ಹಿಂದಿನ ವರ್ಷ, ಕೊರೋನಾದ ಎರಡನೆಯ ಅಲೆಯಲ್ಲಿ, ಆಕೆಗೂ ಜ್ವರ ಬಂದಿತ್ತು. ಜ್ವರ ಹೋಯಿತು, ಕೆಮ್ಮು ಹೋಯಿತು. ಹೋಗುವಾಗ ಅವು ಮೂಗಿನ ಶಕ್ತಿಯನ್ನೂ ಕರೆದುಕೊಂಡು ಹೋದವು. ಆ ದಿನಗಳಲ್ಲಿ ಪ್ರಪಂಚದಾದ್ಯಂತ ಕೋಟ್ಯಂತರ ಜನರಿಗೆ ಹೀಗಾಯಿತು. ವೈರಾಣು ವಾಸನೆ ಗ್ರಹಿಸುವ ನರಕೋಶಗಳಿಗಿಂತ ಹೆಚ್ಚಾಗಿ ಅವಕ್ಕೆ ಆಸರೆಯಾಗಿ ನಿಂತ ಕೋಶಗಳನ್ನು ಕೆಡಿಸುತ್ತದೆಂದು ವಿಜ್ಞಾನಿಗಳು ಹೇಳುತ್ತಾರೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ವಾಸನೆ ಮರಳಿತು. ಕೆಲವರಿಗೆ ಮರಳಲಿಲ್ಲ.

ಪ್ರಾಣವೇ ಉಳಿದಿರುವಾಗ ಮೂಗಿನ ಮಾತೇನು ಎಂದು ಮನೆಯವರು ಸಮಾಧಾನ ಹೇಳಿದರು. ಆದರೆ ಆಯಿಯ ಮೂಗು ಬರೀ ಆಕೆಯದಾಗಿರಲಿಲ್ಲ, ಓಣಿಯದಾಗಿತ್ತು. ಖಾರ ಕುಟ್ಟಿದವರು ಒಂದು ಬಟ್ಟಲಲ್ಲಿ ಅದನ್ನು ಆಕೆಯ ಮುಂದೆ ತಂದಿಡುತ್ತಿದ್ದರು. ಆಕೆ ಚಿಟಿಕೆ ಎತ್ತಿ ಮೂಸಿ, ಹವೀಜ ಕಡಿಮೆಯಾಗಿದೆ, ಕೊಬ್ಬರಿ ಹಳೆಯದು, ಲವಂಗ ಹೆಚ್ಚಾಯಿತು ಎಂದು ನಾಲಗೆಗೆ ಹಚ್ಚದೆಯೇ ಹೇಳುತ್ತಿದ್ದಳು. ಈಗ ಬಟ್ಟಲು ತರುವವರು ನಿಂತರು. ಆಕೆಗೆ ನೋವಾಗಬಾರದೆಂದು ನಿಂತರು. ಅದೇ ಆಕೆಗೆ ಹೆಚ್ಚು ನೋವಾಯಿತು.

ಹಾಗಾದರೆ ಆ ದಿನ ಸೀನು ಬಂದದ್ದು ಹೇಗೆ? ಹುಡುಗಿ ಈ ಪ್ರಶ್ನೆಯನ್ನು ಶಾಲೆ ತೆರೆದ ಮೇಲೆ ವಿಜ್ಞಾನದ ಶಿಕ್ಷಕರ ಮುಂದಿಟ್ಟಳು. ಉತ್ತರ ಕನ್ನಡದ ಒಂದು ಪದದಲ್ಲಿಯೇ ಅಡಗಿತ್ತು. ಮೆಣಸಿನಕಾಯಿ ಹುರಿದಾಗ ಬರುವುದನ್ನು ನಮ್ಮ ಜನ ಪರಿಮಳ ಎನ್ನುವುದಿಲ್ಲ, ಕಂಪು ಎನ್ನುವುದಿಲ್ಲ, ಘಾಟು ಎನ್ನುತ್ತಾರೆ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ವಸ್ತುವಿಗೆ ವಾಸನೆಯೇ ಇಲ್ಲ. ಅದು ವಾಸನೆಯ ನರವನ್ನು ಮುಟ್ಟುವುದಿಲ್ಲ. ಮುಖದ ಉರಿ, ನೋವುಗಳನ್ನು ತಿಳಿಸುವ ಬೇರೊಂದು ನರವನ್ನು ಕೆಣಕುತ್ತದೆ. ಬಿಸಿ ತಾಗಿದಾಗ ಎಚ್ಚರಿಸುವ ಗ್ರಾಹಕವೇ ಖಾರಕ್ಕೂ ಎಚ್ಚರಿಸುತ್ತದೆಂದು ಡೇವಿಡ್ ಜೂಲಿಯಸ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1997ರಲ್ಲಿ ತೋರಿಸಿದರು. ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಮೂಗು ಸತ್ತರೂ ಘಾಟು ಬದುಕಿರುತ್ತದೆ. ಆಯಿಯನ್ನು ಸೀನಿಸಿದ್ದು ಅದು.

ಪಟ್ಟಣದ ವೈದ್ಯರೊಬ್ಬರು ಔಷಧಿ ಬರೆಯುವ ಬದಲು ಒಂದು ಅಭ್ಯಾಸ ಹೇಳಿಕೊಟ್ಟರು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕನ್ನು ದಿನಕ್ಕೆರಡು ಸಲ, ಒಂದೊಂದಾಗಿ, ಸಾವಕಾಶವಾಗಿ ಮೂಸಬೇಕು. ಮೂಸುವಾಗ ಆ ವಾಸನೆ ಮೊದಲು ಹೇಗಿತ್ತೆಂದು ಮನಸ್ಸಿಗೆ ತಂದುಕೊಳ್ಳಬೇಕು. ಜರ್ಮನಿಯ ಡ್ರೆಸ್ಡೆನ್ ನಗರದ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು ಕೊರೋನಾಕ್ಕಿಂತ ಎಷ್ಟೋ ಮೊದಲು, 2009ರಲ್ಲಿ, ಇದೇ ನಾಲ್ಕು ವಾಸನೆಗಳ ಅಭ್ಯಾಸವನ್ನು 12 ವಾರ ಮಾಡಿಸಿ, ಕೆಲವರಿಗೆ ಗುಣ ಕಂಡದ್ದನ್ನು ಪ್ರಕಟಿಸಿದ್ದರು. ಆಯಿಗೆ ನಗು ಬಂತು. “ಲವಂಗ ಖಾರಕ್ಕ ಹಾಕ್ತೀವಿ, ಹಲ್ಲು ನೋವಿಗೆ ಇಡ್ತೀವಿ. ಮೂಗಿಗೂ ಔಷಧ ಏನ ಇದು?”

ನಿಜವಾಗಿ ನೋಡಿದರೆ ಲವಂಗಕ್ಕೂ ಮೂಗಿಗೂ ನಂಟು ಹಳೆಯದು. ಮಸಾಲೆ ಡಬ್ಬಿಯ ಸಾಮಾನು ಅಡುಗೆಯಷ್ಟೇ ಅತ್ತರಿಗೂ ಸೇರಿದ್ದು. ಉತ್ತರ ಪ್ರದೇಶದ ಕನೌಜಿನಲ್ಲಿ ತಯಾರಾಗುವ ಶಮಾಮಾ ಎಂಬ ಅತ್ತರಿಗೆ ಹಲವು ಮಸಾಲೆ ಮತ್ತು ಗಿಡಮೂಲಿಕೆಗಳನ್ನು ಒಟ್ಟಿಗೆ ಬಟ್ಟಿ ಇಳಿಸುತ್ತಾರೆ. ಇಂದಿನ ಬೆಲೆಬಾಳುವ ಸುಗಂಧದ ಶೀಶೆಗಳಲ್ಲಿಯೂ ಲವಂಗ, ಯಾಲಕ್ಕಿ, ದಾಲ್ಚಿನ್ನಿ, ಕರಿಮೆಣಸು, ಜಾಜಿಕಾಯಿಗಳ ಸಾರ ಇರುತ್ತದೆ. ನಮ್ಮವರಿಗೆ ಇದು ಹೊಸ ವಿದ್ಯೆಯೂ ಅಲ್ಲ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನೆಂಬ ಕವಿ ಬರೆದ ‘ಲೋಕೋಪಕಾರ’ ಎಂಬ ಕನ್ನಡ ಗ್ರಂಥದಲ್ಲಿ ಅಡುಗೆಯ ವಿಷಯವೂ ಇದೆ, ಸುಗಂಧದ್ರವ್ಯ ಕೂಡಿಸುವ ವಿಷಯವೂ ಇದೆ. ಮಳೆ, ನೀರಿನ ಸೆಲೆ, ಗಿಡಮರಗಳ ಆರೈಕೆಗಳ ಜೊತೆಗೇ ಒಳ್ಳೆಯ ವಾಸನೆಯೂ ಲೋಕಕ್ಕೆ ಉಪಕಾರವೆಂದು ಆತ ತಿಳಿದಿದ್ದ. ಆತನ ಅಡುಗೆಯಲ್ಲಿ ಮೆಣಸಿನಕಾಯಿ ಮಾತ್ರ ಇರಲು ಸಾಧ್ಯವಿಲ್ಲ. ಅದು ಅಮೆರಿಕದಿಂದ ಪೋರ್ಚುಗೀಸರ ಮೂಲಕ ನಮ್ಮ ದೇಶಕ್ಕೆ ಬಂದದ್ದು 16ನೆಯ ಶತಮಾನದಲ್ಲಿ. ಇಂದು ಗದಗ, ಧಾರವಾಡ, ಹಾವೇರಿ ಸೀಮೆಯ ಹೆಸರನ್ನೇ ಕೆಂಪು ಮಾಡಿರುವ ಬೆಳೆ ಅಂದು ಇಲ್ಲಿಯವರು ಕಂಡರಿಯದ ವಸ್ತು.

ಅಭ್ಯಾಸ ಆರಂಭವಾಯಿತು. ಮುಂಜಾನೆ, ಸಂಜೆ ಮೊಮ್ಮಗಳು ನಾಲ್ಕು ಬಟ್ಟಲು ಹಿಡಿದು ಕೂರುವಳು. ಆಯಿ ಕಣ್ಣು ಮುಚ್ಚಿ ಮೂಸುವಳು. ತೊಂದರೆ ಎದ್ದದ್ದು ವೈದ್ಯರು ಹೇಳಿದ ಎರಡನೆಯ ಮಾತಿನಲ್ಲಿ. ಹಳೆಯ ವಾಸನೆಯನ್ನು ಮನಸ್ಸಿಗೆ ತಂದುಕೊಳ್ಳುವುದು ಹೇಗೆ? ಮುಖ ನೆನಪಾಗುತ್ತದೆ, ಹಾಡು ನೆನಪಾಗುತ್ತದೆ. ಕರೆದಾಗ ಬರುವ ಜಾತಿಯದಲ್ಲ ವಾಸನೆ. ಒಂದು ದಿನ ಹುಡುಗಿ, ಆಯಿಗೆ ಬೇಸರವಾಗದಿರಲೆಂದು, ಶಾಲೆಯ ಗ್ರಂಥಾಲಯದಿಂದ ತಂದಿದ್ದ ಪುಸ್ತಕವನ್ನು ಗಟ್ಟಿಯಾಗಿ ಓದಿದಳು. ಕನ್ನಡದಲ್ಲಿ ದೊರೆತಿರುವ ಅತಿ ಹಳೆಯ ಗದ್ಯಕೃತಿ ‘ವಡ್ಡಾರಾಧನೆ’ಯ ಕಥೆಗಳನ್ನು ಹೊಸಗನ್ನಡದಲ್ಲಿ ಹೇಳಿದ ಪುಸ್ತಕ ಅದು.

ಅದರಲ್ಲಿ ಸುಕುಮಾರನ ಕಥೆ ಬಂತು. ಸಿರಿವಂತರ ಮನೆಯ ಆ ಮಗನ ಪಕ್ಕದಲ್ಲಿ ರಾಜ ಊಟಕ್ಕೆ ಕುಳಿತಿದ್ದಾನೆ. ಹುಡುಗ ಅನ್ನದ ಕೆಲವು ಅಗುಳನ್ನು ನುಂಗುತ್ತಾನೆ, ಕೆಲವನ್ನು ಉಗುಳುತ್ತಾನೆ. ಕಾರಣ ಕೇಳಿದರೆ ತಾಯಿ ಹೇಳುತ್ತಾಳೆ: ದಿನವೂ ಅವನಿಗೆ ತಾವರೆ ಹೂವಿನೊಳಗೆ ಇರುಳೆಲ್ಲ ಇಟ್ಟು ಕಂಪು ಹಿಡಿಸಿದ ಅಕ್ಕಿಯ ಅನ್ನ. ಇಂದು ಅದು ಸಾಲದೆ ಬೇರೆ ಅಕ್ಕಿ ಬೆರೆಸಿದೆ. ಅವನು ಬೇರೆ ಮಾಡುತ್ತಿದ್ದಾನೆ.

ಆಯಿ ಬಿದ್ದುಬಿದ್ದು ನಕ್ಕಳು. “ಮೂಗು ಅಂದ್ರ ಅದ ನೋಡು. ನನಗೊಂದೀಟ ಕಡಾ ಕೊಟ್ಟಿದ್ರ ಚಲೋ ಇತ್ತು!” ಆಮೇಲೆ ಸುಮ್ಮನಾದಳು. ಸ್ವಲ್ಪ ಹೊತ್ತಿನ ಮೇಲೆ ತನ್ನ ತವರಿನ ಕೆರೆ, ಅದರಲ್ಲಿದ್ದ ಹೂವು, ಹೊಸ ಅಕ್ಕಿ ಬೇಯುವಾಗ ತನ್ನ ಅವ್ವ ಮುಚ್ಚಳ ತೆಗೆದರೆ ಏಳುತ್ತಿದ್ದ ಆವಿ, ಹೀಗೆ ಒಂದೊಂದೇ ಹೇಳತೊಡಗಿದಳು. ಕರೆದರೆ ಬಾರದ ವಾಸನೆ ಕಥೆಯ ಬೆನ್ನು ಹತ್ತಿ ಬಂದಿತ್ತು.

ಇದು ಮುದುಕಿಯ ಭ್ರಮೆಯಲ್ಲ. 2006ರಲ್ಲಿ ಸ್ಪೇನಿನ ಸಂಶೋಧಕರು ಕೆಲವರನ್ನು ಮಿದುಳಿನ ಚಿತ್ರ ತೆಗೆಯುವ ಯಂತ್ರದಲ್ಲಿ ಮಲಗಿಸಿ, ಬರೀ ಪದಗಳನ್ನು ಓದಿಸಿದರು. ದಾಲ್ಚಿನ್ನಿ, ಬೆಳ್ಳುಳ್ಳಿ, ಮಲ್ಲಿಗೆಯಂಥ ವಾಸನೆಯ ಪದ ಬಂದಾಗ ಭಾಷೆಗೆ ಸಂಬಂಧಿಸಿದ ಭಾಗಗಳ ಜೊತೆಗೆ ವಾಸನೆಗೆ ಸಂಬಂಧಿಸಿದ ಭಾಗಗಳೂ ಚುರುಕಾದವು. ಎದುರಿಗೆ ದಾಲ್ಚಿನ್ನಿಯ ತುಣುಕೂ ಇರಲಿಲ್ಲ. ಇನ್ನೊಂದು ಸಂಗತಿಯೂ ಇದೆ. ಕಣ್ಣು, ಕಿವಿಗಳ ಸುದ್ದಿ ಮಿದುಳಿನೊಳಗಿನ ಒಂದು ನಡುಮನೆಯನ್ನು ಹಾದು ಮುಂದೆ ಹೋಗುತ್ತದೆ. ಮೂಗಿನ ಸುದ್ದಿ ಮಾತ್ರ ಆ ನಡುಮನೆಯನ್ನು ಕಾಯದೆ, ನೆನಪು ಮತ್ತು ಭಾವನೆಗಳ ಕೋಣೆಗಳಿಗೆ ಹತ್ತಿರದ ದಾರಿಯಿಂದ ಹೋಗುತ್ತದೆ. ಫ್ರಾನ್ಸಿನ ಮಾರ್ಸೆಲ್ ಪ್ರೂಸ್ತ್ 1913ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಚಹಾದಲ್ಲಿ ಅದ್ದಿದ ಒಂದು ಸಣ್ಣ ತಿನಿಸಿನಿಂದ ನಾಯಕನ ಬಾಲ್ಯದ ಊರೇ ಎದ್ದು ಬರುತ್ತದೆ. ಜರ್ಮನಿಯ ಪ್ಯಾಟ್ರಿಕ್ ಸ್ಯೂಸ್ಕಿಂಡ್ 1985ರ ತನ್ನ ಕಾದಂಬರಿಗೆ ‘ಸುಗಂಧ’ ಎಂದೇ ಹೆಸರಿಟ್ಟ. ಅದರ ನಾಯಕನಿಗೆ ಲೋಕದ ಎಲ್ಲ ವಾಸನೆ ಗೊತ್ತು, ಆದರೆ ಅವನ ಮೈಗೆ ಯಾವ ವಾಸನೆಯೂ ಇಲ್ಲ. ಬರೆಯುವವರು ಬಹಳ ಹಿಂದೆಯೇ ಹಿಡಿದಿದ್ದ ದಾರಿಯನ್ನು ವಿಜ್ಞಾನ ಈಗ ಅಳೆಯುತ್ತಿದೆ.

ಮನೆಯಲ್ಲಿ ಓದು ಬೆಳೆಯಿತು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಬಂತು. 1980ರ ಆ ಕಾದಂಬರಿ ಜೇನುತುಪ್ಪದ ಮಾತಿನಿಂದಲೇ ಆರಂಭವಾಗುತ್ತದೆ. ಹುಡುಗಿ ಮಲೆನಾಡು ಕಂಡವಳಲ್ಲ. ಓದುತ್ತ ಆಕೆಯ ಮೂಗಿಗೆ ಬಂದದ್ದು ಊರ ಬೇವಿನ ಮರದಿಂದ ಇಳಿಸಿದ ಜೇನಿನ ಘಮ. ಕಾಡಿನ ಮಳೆಯೆಂದಾಗ ಎದ್ದದ್ದು ಮೊದಲ ಮಳೆಗೆ ಬಿರಿದ ಎರೆಯ ವಾಸನೆ. ಲೇಖಕ ಅರ್ಧ ಬರೆಯುತ್ತಾನೆ. ಉಳಿದರ್ಧವನ್ನು ಓದುವವನ ಮೂಗು ತುಂಬಿಕೊಳ್ಳುತ್ತದೆ. ಮೂಗಿನಲ್ಲಿ ಕೂಡಿಟ್ಟದ್ದು ಇದ್ದರೆ ಮಾತ್ರ.

ಹತ್ತನೆಯ ತರಗತಿಯ ಹುಡುಗಿ ಸಂಜೆಯ ಹೊತ್ತು ಕಾದಂಬರಿ ಓದುವುದು ಅಪ್ಪನಿಗೆ ಸರಿಬರಲಿಲ್ಲ. “ಬೋರ್ಡ್ ಪರೀಕ್ಷಾ ಮುಂದ ಇಟ್ಕೊಂಡು ಕಥಿ ಪುಸ್ತಕ ಹಿಡದಿಯಲ್ಲ?” ಎಂದು ಒಂದೆರಡು ಸಲ ಗದರಿದ. ಆಯಿ ಮಗನಿಗೆ ಒಂದೇ ಮಾತು ಹೇಳಿದಳು: “ಸುಮ್ನಿರಪಾ, ಆಕಿ ನನ್ನ ಔಷಧಾ ಓದಾಕತ್ತಾಳ.” ಅಪ್ಪನ ಚಿಂತೆಯೂ ತಪ್ಪಲ್ಲ. ಯಾವ ಪ್ರಶ್ನೆಪತ್ರಿಕೆಯಲ್ಲಿಯೂ ಮೂಗಿಗೆ ಅಂಕವಿಲ್ಲ. ಆದರೆ ಗೆರೆ ಎಳೆದು ಸಮಯ ಹಂಚಿಕೊಂಡರೆ ಎರಡಕ್ಕೂ ದಿನದಲ್ಲಿ ಜಾಗವಿರುತ್ತದೆಂದು ಆ ವರ್ಷ ಆ ಮನೆಯಲ್ಲಿ ಗೊತ್ತಾಯಿತು. ಊಟದ ಮುಂಚಿನ ಅರ್ಧ ಗಂಟೆ ಆಯಿಯದು, ಉಳಿದದ್ದು ಪಾಠದ್ದು.

2023ರ ಏಪ್ರಿಲಿನಲ್ಲಿ ಪರೀಕ್ಷೆ ಮುಗಿಯಿತು. ಅದೇ ವಾರ ಮನೆಯಲ್ಲಿ ಖಾರ ಕುಟ್ಟಿದರು. ಅಷ್ಟರಲ್ಲಿ ಆಯಿಯ ಅಭ್ಯಾಸದಿಂದ ಆದದ್ದು ಇಷ್ಟು: ಕಣ್ಣು ಮುಚ್ಚಿ ಕೊಟ್ಟರೆ ಲವಂಗ ಯಾವುದು, ನಿಂಬೆ ಯಾವುದು ಎಂದು ಹೇಳಬಲ್ಲಳು. “ದೂರ ಯಾರೋ ಮಾತಾಡಿದಂಗ ಕೇಳತೈತಿ,” ಎನ್ನುವಳು. ಮಲ್ಲಿಗೆ ಮರಳಿರಲಿಲ್ಲ. ಖಾರವನ್ನು ಅಳೆಯುವಷ್ಟು ಮೂಗಂತೂ ಇರಲಿಲ್ಲ.

ಆಕೆ ಮೊಮ್ಮಗಳನ್ನು ಕರೆದು ಬಟ್ಟಲು ಕೈಗಿಟ್ಟಳು. “ನೀ ಮೂಸು. ಹೆಂಗೈತಿ ಹೇಳು.”

“ಚಲೋ ಐತಿ ಆಯಿ.”

“ಚಲೋ ಅನ್ನೂದು ವಾಸನಿ ಅಲ್ಲ. ಹೆಂಗೈತಿ ಅಂತ ಕೇಳೀನಿ.”

ಹುಡುಗಿ ಮತ್ತೆ ಮೂಸಿದಳು. ಈ ಸಲ ಆತುರಪಡಲಿಲ್ಲ. ಮೊದಲು ಕೊಬ್ಬರಿ ಬರುತ್ತದೆ, ಹೊಸದು, ಹಾಲಿನಂತೆ. ಅದರ ಹಿಂದೆ ಲವಂಗ, ಹಬ್ಬದ ದಿನ ದೇವರ ಮನೆ ಬಾಗಿಲು ತೆರೆದಂತೆ. ಕೊನೆಗೆ ಒಂದು ಕಮಟು ಉಳಿಯುತ್ತದೆ, ರೊಟ್ಟಿಯ ಅಂಚು ಹೊತ್ತಿದಾಗ ಬರುತ್ತದಲ್ಲ, ಹಾಗೆ.

ಆಯಿ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು. “ಹವೀಜ ಒಂದೀಟ ಹೆಚ್ಚು ಹುರದೀಯವ್ವಾ. ಇನ್ನ ಪಾವಶೇರ ಹಸನಾಗಿ ಬೆಚ್ಚಗ ಮಾಡಿ ಕೂಡಸು, ಸರಿಹೋಗತೈತಿ.”

ಸೊಸೆ ಬೆರಗಾಗಿ ನೋಡಿದಳು. ಬಾಣಲೆ ಒಲೆಯ ಮೇಲಿದ್ದಾಗ ಯಾರೋ ಕರೆದರೆಂದು ಬಾಗಿಲಿಗೆ ಹೋಗಿದ್ದು ಆಕೆಗಷ್ಟೇ ಗೊತ್ತಿತ್ತು. ಹೇಳಿದಂತೆಯೇ ಮಾಡಿದಳು. ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದ ಅಪ್ಪ ತಲೆ ಎತ್ತಿ ಮಗಳನ್ನು ನೋಡಿದ. ಏನೂ ಹೇಳಲಿಲ್ಲ.

ಮರುದಿನ ಪಕ್ಕದ ಮನೆಯಾಕೆ ಬಟ್ಟಲು ಹಿಡಿದು ಬಂದಳು. ಎರಡು ವರ್ಷಗಳ ಮೇಲೆ ಬಂದ ಮೊದಲ ಬಟ್ಟಲು ಅದು. ಆಯಿ ಗೋಡೆಗೆ ಒರಗಿ ನೆಟ್ಟಗೆ ಕುಳಿತು, ಒಳಗೆ ಕೂಗಿದಳು: “ಯವ್ವಾ, ಪುಸ್ತಕ ಇಟ್ಟು ಬಾ ಇಲ್ಲೆ. ಒಂದೀಟ ಓದಿ ಹೇಳೂದೈತಿ.”