ನನ್ನ ಎರಡು ಅಂಕಪಟ್ಟಿಗಳು

(ಅಂತಿಮ ಬಿ.ಎ. ವಿದ್ಯಾರ್ಥಿನಿ)

ಇತಿಹಾಸ, ಅರ್ಥಶಾಸ್ತ್ರ ಓದುವ ಹುಡುಗಿಗೆ ವೈದ್ಯಕೀಯ ಕಾಲೇಜಿನ ಗೊಡವೆ ಏಕೆ? ಈ ಪ್ರಶ್ನೆಯನ್ನು ನನಗೆ ಕೇಳದವರು ನಮ್ಮ ಕಾಲೇಜಿನಲ್ಲಿ ಬಹು ಕಡಮೆ. ಗ್ರಂಥಾಲಯದಲ್ಲಿ ನನ್ನ ಎಡಗಡೆ ವಿಜಯನಗರದ ಚರಿತ್ರೆ, ಬಲಗಡೆ ಜೀವಶಾಸ್ತ್ರದ ಪುಸ್ತಕ ಇರುವುದನ್ನು ಕಂಡು ಗೆಳತಿಯೊಬ್ಬಳು, “ಎರಡು ದೋಣಿಯಲ್ಲಿ ಕಾಲಿಟ್ಟಿದ್ದೀಯಲ್ಲ, ಈಜು ಬರುತ್ತೇನೇ?” ಎಂದು ನಕ್ಕಳು. ಅವಳಿಗೂ ಮಿಕ್ಕವರಿಗೂ ಒಟ್ಟಿಗೇ ಉತ್ತರ ಹೇಳಿಬಿಡೋಣವೆಂದು ಸಂಪಾದಕರಲ್ಲಿ ಎರಡು ಪುಟ ಬೇಡಿಕೊಂಡಿದ್ದೇನೆ.

ನಮ್ಮ ಹೋಬಳಿಯ ಪದವಿಪೂರ್ವ ಕಾಲೇಜಿನಲ್ಲಿ ಇದ್ದದ್ದು ಕಲೆ ಮತ್ತು ವಾಣಿಜ್ಯ ಎರಡೇ ವಿಭಾಗ. ವಿಜ್ಞಾನ ಬೇಕಾದವರು ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ಅಲ್ಲಿ ಊಟ ವಸತಿಗೆ ಹಣ ಬೇಕು. ಮನೆಯಲ್ಲಿ ತಮ್ಮನೂ ಓದುವವನಿದ್ದ. ಹೀಗಾಗಿ 2023ರಲ್ಲಿ ಕಲಾವಿಭಾಗದಲ್ಲೇ ಪಿ.ಯು.ಸಿ. ಮುಗಿಸಿ ಈ ಕಾಲೇಜಿಗೆ ಬಂದೆ. ಇದಕ್ಕಾಗಿ ನನಗೆ ಕೊರಗಿಲ್ಲ. ಬರಗಾಲವೆಂದರೆ ಮಳೆ ಬಾರದಿರುವುದಷ್ಟೇ ಅಲ್ಲ, ಕೊಳ್ಳುವ ಶಕ್ತಿ ಇಲ್ಲದಿರುವುದೂ ಹೌದು ಎಂಬುದನ್ನು ನಾನು ಕಲಿತದ್ದು ಇಲ್ಲಿನ ಪಾಠದಲ್ಲಿಯೇ.

ವೈದ್ಯಕೀಯದ ಆಸೆ ಹುಟ್ಟಿದ್ದು ಮಾತ್ರ ಮನೆಯಲ್ಲಿ. ನನ್ನ ತಾಯಿ ಆಶಾ ಕಾರ್ಯಕರ್ತೆ. ಊರಿನ ಬಸುರಿಯರ, ಬಾಣಂತಿಯರ, ಕೂಸುಗಳ ಲೆಕ್ಕವೆಲ್ಲ ಅವರ ದಪ್ಪ ರಿಜಿಸ್ಟರಿನಲ್ಲಿರುತ್ತದೆ. ರಾತ್ರಿ ಊಟವಾದ ಮೇಲೆ ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಒಂದು ರಾತ್ರಿ, ಒಬ್ಬ ತುಂಬು ಬಸುರಿಯ ಹೆಸರಿನ ಮುಂದೆ ಹಿಮೋಗ್ಲೋಬಿನ್ 6.8 ಎಂದು ಬರೆಯಬೇಕಾಗಿ ಬಂತು. ಗರ್ಭಿಣಿಯರಲ್ಲಿ ಅದು 11ಕ್ಕಿಂತ ಕಡಮೆಯಾದರೆ ರಕ್ತಹೀನತೆ, 7ಕ್ಕೂ ಕೆಳಗಿಳಿದರೆ ಜೀವಕ್ಕೇ ಅಪಾಯ. ಕಬ್ಬಿಣಾಂಶದ ಮಾತ್ರೆಗಳನ್ನು ಕೊಟ್ಟಿರಲಿಲ್ಲವೆಂದಲ್ಲ; ಅವು ಗೂಡಿನಲ್ಲಿ ಹಾಗೆಯೇ ಇದ್ದವು. ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆಂದು ಅತ್ತೆ ತಡೆದಿದ್ದರಂತೆ. ಬೆಳಗಾದೊಡನೆ ತಾಯಿ ಆಕೆಯನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು. ರಕ್ತ ಕೊಡಿಸಿದ್ದಾಯಿತು, ತಾಯಿ ಮಗು ಇಬ್ಬರೂ ಉಳಿದರು. “ಮಾತ್ರೆ ಕೊಡೋದು ಸುಲಭ ಕಣೇ, ನುಂಗಿಸೋದು ಕಷ್ಟ” ಎಂದರು ನನ್ನ ತಾಯಿ. ಮಾತ್ರೆ ಏಕೆ ಬೇಕು ಎಂಬುದಕ್ಕೆ ಜೀವಶಾಸ್ತ್ರ ಉತ್ತರ ಕೊಡುತ್ತದೆ; ಅದು ಗೂಡಿನಲ್ಲೇ ಏಕೆ ಉಳಿಯಿತು ಎಂಬುದಕ್ಕೆ ನಮ್ಮ ಸಮಾಜಶಾಸ್ತ್ರ. ಎರಡೂ ತಿಳಿದ ಡಾಕ್ಟರು ನಮ್ಮ ಹೋಬಳಿಗೆ ಬೇಡವೇ?

ಆಸೆಯೇನೋ ಸರಿ, ಬಾಗಿಲು ಎಲ್ಲಿ? ನಮ್ಮ ದೇಶದಲ್ಲಿ ಎಂ.ಬಿ.ಬಿ.ಎಸ್. ಸೇರಲು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷನ್ನು ಹನ್ನೆರಡನೆಯ ತರಗತಿಯ ಮಟ್ಟದಲ್ಲಿ ಪಾಸು ಮಾಡಿ, ನೀಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆಯಬೇಕು. ಮುಕ್ತ ಶಾಲೆಯಲ್ಲಿ ಓದಿದವರಿಗೂ, ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ತೆಗೆದುಕೊಂಡವರಿಗೂ 2018ರ ಜನವರಿಯಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಬಾಗಿಲು ಮುಚ್ಚಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಆ ನಿಷೇಧವನ್ನು ತಳ್ಳಿಹಾಕಿತು. ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆಯಲಾಯಿತು. ಪಿ.ಯು.ಸಿ. ಮುಗಿದ ಮೇಲೆ ಈ ವಿಷಯಗಳನ್ನು ಮಾನ್ಯತೆ ಪಡೆದ ಮಂಡಲಿಯಿಂದ ಹೆಚ್ಚುವರಿಯಾಗಿ ಪಾಸು ಮಾಡಿದವರೂ ಪರೀಕ್ಷೆಗೆ ಕುಳಿತುಕೊಳ್ಳಬಹುದೆಂದು 2023ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಪ್ರಕಟಿಸಿತು. ನಾನು ಪ್ರಥಮ ಬಿ.ಎ.ಯಲ್ಲಿದ್ದಾಗ ಹೊರಬಿದ್ದ ಆ ಪ್ರಕಟಣೆಯನ್ನು ಲಾಟರಿ ಚೀಟಿಯಂತೆ ಮತ್ತೆ ಮತ್ತೆ ಓದಿದೆ.

2024ರ ಆರಂಭದಲ್ಲಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಮೂರು ವಿಜ್ಞಾನ ವಿಷಯಗಳಿಗೆ ಹೆಸರು ನೋಂದಾಯಿಸಿದೆ. ಅಲ್ಲಿ ವರ್ಷಕ್ಕೆ ಎರಡು ಸಲ ಪರೀಕ್ಷೆ. ಪುಸ್ತಕಗಳು ಅಂಚೆಯಲ್ಲಿ ಬಂದವು. ನಿಯೋಜಿತ ಬರಹಗಳನ್ನು ಬರೆದೊಪ್ಪಿಸಬೇಕು, ಪ್ರಯೋಗಗಳಿಗೆ ಮಾತ್ರ ಅಧ್ಯಯನ ಕೇಂದ್ರಕ್ಕೆ ಹೋಗಬೇಕು. ಕನ್ನಡ ಮಾಧ್ಯಮದಲ್ಲಿ ಬೆಳೆದ ನನಗೆ ಇಂಗ್ಲಿಷ್ ಪುಸ್ತಕದ ಮೊದಲ ಪುಟ ದಾಟುವುದಕ್ಕೆ ಒಂದು ಸಂಜೆ ಹಿಡಿಯಿತು. ಆದರೆ ಈರುಳ್ಳಿಯ ತೆಳುಪೊರೆಯನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟು ಇಟ್ಟಿಗೆ ಗೋಡೆಯಂತೆ ಜೋಡಿಸಿದ ಜೀವಕೋಶಗಳನ್ನು ಮೊದಲ ಸಲ ಕಂಡ ದಿನ, ಬಸ್ಸಿನಲ್ಲಿ ನಿಂತುಕೊಂಡೇ ಊರಿಗೆ ಬಂದರೂ ಆಯಾಸವೆನಿಸಲಿಲ್ಲ. ಅಂದಿನಿಂದ ಅಡಿಗೆಮನೆಯಲ್ಲಿ ಈರುಳ್ಳಿ ಹೆಚ್ಚುವಾಗ ಕಣ್ಣೀರಿನ ಜೊತೆಗೆ ಸ್ವಲ್ಪ ಗೌರವವೂ ಬರುತ್ತದೆ!

ಧೈರ್ಯ ಕುಗ್ಗಿದಾಗ ನನಗೆ ನೆನಪಾಗುತ್ತಿದ್ದವರು ಆನಂದಿಬಾಯಿ ಜೋಶಿ. 1865ರಲ್ಲಿ ಹುಟ್ಟಿದ ಆಕೆ ಹದಿನಾಲ್ಕನೆಯ ವಯಸ್ಸಿಗೇ ಹೆತ್ತ ಕೂಸನ್ನು ಕಳೆದುಕೊಂಡರು. ಕ್ರಮವಾಗಿ ಶಾಲೆ ಓದಿದವರಲ್ಲ. ಹೆಚ್ಚಿನ ಪಾಠವೆಲ್ಲ ಪತಿ ಗೋಪಾಲರಾಯರಿಂದ ಮನೆಯಲ್ಲೇ. ಅಂಥವರು 1883ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿ, ಪೆನ್ಸಿಲ್ವೇನಿಯದ ಮಹಿಳಾ ವೈದ್ಯಕೀಯ ಕಾಲೇಜನ್ನು ಸೇರಿ, 1886ರಲ್ಲಿ ಪದವಿ ಪಡೆದರು. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಕೆಲಸ ಕಾದಿತ್ತು. ಆದರೆ ಮರುವರ್ಷವೇ, ಇಪ್ಪತ್ತೆರಡು ತುಂಬುವ ಮೊದಲೇ, ಕ್ಷಯದಿಂದ ತೀರಿಕೊಂಡರು. ಆಕೆಗೆ ಸಮುದ್ರ ದಾಟಬೇಕಾಗಿತ್ತು. ನನಗೆ ದಾಟಬೇಕಾದದ್ದು ಒಂದು ಪರೀಕ್ಷೆ.

ಆ ಪರೀಕ್ಷೆಯೂ ಸಣ್ಣದಲ್ಲ. ಅರ್ಜಿ ತುಂಬಲು ಸೈಬರ್ ಅಂಗಡಿಗೆ ಹೋದಾಗ ಅಲ್ಲಿನವರು ನನ್ನ ಎರಡು ಅಂಕಪಟ್ಟಿಗಳನ್ನೂ ತಿರುಗಿಸಿ ಮುರುಗಿಸಿ ನೋಡಿ, “ಆರ್ಟ್ಸಿನವರಿಗೆ ಇದು ಬರಲ್ಲಮ್ಮ” ಎಂದರು. ಆಯೋಗದ ಪ್ರಕಟಣೆಯ ಪ್ರತಿಯನ್ನು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, “ಹಾಗಾದರೆ ನಮ್ಮ ಹುಡುಗಿಗೂ ಒಂದು ಪ್ರತಿ ಕೊಡಿ” ಎಂದರು. 2025ರ ಮೇ 4ರಂದು ಕನ್ನಡದಲ್ಲೂ ಅಚ್ಚಾದ ಪ್ರಶ್ನೆಪತ್ರಿಕೆಗೆ ಉತ್ತರ ಬರೆದೆ. 180 ಪ್ರಶ್ನೆ, 180 ನಿಮಿಷ, 720 ಅಂಕ. ಅರ್ಧಕ್ಕರ್ಧ ಪ್ರಶ್ನೆ ಜೀವಶಾಸ್ತ್ರದ್ದು. ತಪ್ಪು ಉತ್ತರಕ್ಕೆ ಒಂದಂಕ ಖೋತಾ. ಆ ವರ್ಷ ಸಾಮಾನ್ಯ ವರ್ಗಕ್ಕೆ ಅರ್ಹತೆಯ ಗೆರೆ 144 ಅಂಕ. ನಾನು ಆ ಗೆರೆ ದಾಟಿದೆ. ಆದರೆ ಸರ್ಕಾರಿ ಸೀಟಿನ ಗೆರೆ ಅದಕ್ಕಿಂತ ಬಹು ಎತ್ತರ. ಖಾಸಗಿ ಸೀಟಿನ ಶುಲ್ಕವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲೂ ಇಲ್ಲ.

ಈಗ ಮತ್ತೊಮ್ಮೆ ಸಿದ್ಧಳಾಗುತ್ತಿದ್ದೇನೆ. ಮುಂದಿನ ವರ್ಷ ತಮ್ಮನ ಕಾಲೇಜಿನ ಖರ್ಚು ಮೊದಲಾಗುತ್ತದೆ. ಆದ್ದರಿಂದ ಮನೆಯವರು ನನಗೆ ಕೊಡಬಲ್ಲದ್ದು ಇನ್ನೊಂದೇ ವರ್ಷ. ಅದರಲ್ಲಿ ಆಗದಿದ್ದರೆ ಬಿ.ಎಡ್. ಮಾಡಿ ಉಪಾಧ್ಯಾಯಿನಿಯಾಗುವುದೆಂದು ಒಪ್ಪಂದವಾಗಿದೆ. ತಾಯಿ ಬಲವಂತ ಮಾಡಲಿಲ್ಲ. ರಿಜಿಸ್ಟರು ಬರೆಯುವ ಕೆಲಸದಿಂದ ಮಾತ್ರ ನನ್ನನ್ನು ಬಿಡುಗಡೆ ಮಾಡಿದರು. ಅದನ್ನೀಗ ತಮ್ಮ ಬರೆಯುತ್ತಾನೆ, ಕಾಗುಣಿತ ನಾನು ತಿದ್ದುತ್ತೇನೆ.

ಕಲಾವಿಭಾಗದ ಕಿರಿಯ ಗೆಳೆಯ ಗೆಳತಿಯರಿಗೆ ಒಂದು ಮಾತು. ಇಂಥ ಆಸೆ ನಿಮ್ಮಲ್ಲಿ ಯಾರಿಗಾದರೂ ಇದ್ದರೆ, ಅವರಿವರ ಬಾಯಿಮಾತು ನಂಬಿ ಬಾಗಿಲು ಮುಚ್ಚಿದೆಯೆಂದು ಹಿಂದಿರುಗಬೇಡಿ. ಆಯಾ ವರ್ಷದ ನಿಯಮಾವಳಿಯನ್ನು ತರಿಸಿ ನೀವೇ ಓದಿ. ಬಾಗಿಲು ತೆರೆದಿದೆ, ಆದರೆ ಕಿರಿದಾಗಿದೆ, ತಲೆ ತಗ್ಗಿಸಿ ಬಹಳ ದುಡಿಯಬೇಕು. ಇನ್ನು ಗೆಳತಿ ಕೇಳಿದ ಈಜಿನ ಪ್ರಶ್ನೆಗೆ ಉತ್ತರ: ಕಲಿಯುತ್ತಿದ್ದೇನೆ ಕಣೇ, ನೀರಿಗೆ ಇಳಿದ ಮೇಲೆ.