ಗಣಿಕೆಲಸದವನ ಮಗ: ನಟ ಫ್ರಾನ್ಸಿಸ್ಕೊ ರಬಾಲ್

ನಟನೊಬ್ಬನ ಬಾಳನ್ನು ಬರೆಯಹೊರಟವರು ಸಾಮಾನ್ಯವಾಗಿ ಅವನ ರೂಪವನ್ನು ಹೊಗಳುತ್ತಾರೆ, ಇಲ್ಲವೆ ಅವನಿಗೆ ಬಂದ ಪ್ರಶಸ್ತಿಗಳನ್ನು ಎಣಿಸುತ್ತಾರೆ. ಸ್ಪೇನ್ ದೇಶದ ಫ್ರಾನ್ಸಿಸ್ಕೊ ರಬಾಲ್‌ನಿಗೆ ಇವೆರಡಕ್ಕೂ ಕೊರತೆಯಿರಲಿಲ್ಲ. ಆದರೆ ನನ್ನ ಮನಸ್ಸನ್ನು ಸೆಳೆದದ್ದು ಬೇರೊಂದು ಸಂಗತಿ. ಹದಿಮೂರನೆಯ ವಯಸ್ಸಿನಲ್ಲಿ ಶಾಲೆಯನ್ನು ಬಿಟ್ಟ ಈತನಿಗೆ 1995ರಲ್ಲಿ ಮುರ್ಸಿಯ ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟನ್ನು ಕೊಟ್ಟಿತು. ಮನೆಯಲ್ಲಿ ಮೊದಲನೆಯವರಾಗಿ ಕಾಲೇಜಿನ ಮೆಟ್ಟಿಲನ್ನು ಹತ್ತಿದ ನಮ್ಮಂಥವರಿಗೆ ಈ ಎರಡು ಸಂಗತಿಗಳ ನಡುವಣ ದಾರಿ ಹೇಗಿತ್ತೆಂದು ತಿಳಿಯುವ ಕುತೂಹಲ ಸಹಜವಲ್ಲವೆ?

ರಬಾಲ್ ಹುಟ್ಟಿದುದು 1926ರ ಮಾರ್ಚ್ 8ರಂದು, ಸ್ಪೇನಿನ ಆಗ್ನೇಯ ಕರಾವಳಿಯ ಆಗಿಲಾಸ್ ಎಂಬ ಊರಿನಲ್ಲಿ. ತಂದೆ ಗಣಿಯ ಕೂಲಿ. ಹುಡುಗನಿಗೆ ಹತ್ತು ವರ್ಷವಾದಾಗ ದೇಶದಲ್ಲಿ ಅಂತರ್ಯುದ್ಧದ ಬೆಂಕಿ ಹತ್ತಿತು. ಸಂಸಾರ ಊರನ್ನು ಬಿಟ್ಟು ಮಾಡ್ರಿಡ್ ನಗರವನ್ನು ಸೇರಿತು. ಅಲ್ಲಿ ಹುಡುಗ ಬೀದಿಯಲ್ಲಿ ಸಾಮಾನು ಮಾರಿದನು. ಚಾಕೊಲೇಟ್ ಕಾರ್ಖಾನೆಯಲ್ಲಿ ದುಡಿದನು. ಅನಂತರ ಚಮಾರ್ತಿನ್ ಎಂಬ ಚಲನಚಿತ್ರ ಸ್ಟುಡಿಯೋದಲ್ಲಿ ವಿದ್ಯುತ್ ಕೆಲಸಗಾರನಾಗಿ ಸೇರಿಕೊಂಡನು. ಇತರರ ಮುಖದ ಮೇಲೆ ಬೆಳಕು ಬೀಳಿಸುವುದೇ ಅವನ ಮೊದಲ ಸಿನಿಮಾ ಉದ್ಯೋಗ! ಗುಂಪಿನಲ್ಲಿ ನಿಲ್ಲಲು ಜನ ಸಾಲದಾದಾಗ ಆಗೊಮ್ಮೆ ಈಗೊಮ್ಮೆ ಅವನನ್ನೂ ಕರೆಯುತ್ತಿದ್ದರು. ಕವಿ ದಾಮಾಸೊ ಅಲೊನ್ಸೊ ಮೊದಲಾದವರು ಈತನಲ್ಲಿದ್ದ ಶಕ್ತಿಯನ್ನು ಗುರುತಿಸಿ, ನಾಟಕರಂಗಕ್ಕೆ ಹೋಗುವಂತೆ ಹೇಳಿದರು. ಅಲ್ಲಿ ಅವನಿಗೆ ಕಸುಬೂ ಸಿಕ್ಕಿತು, ಬಾಳಿನ ಜೊತೆಗಾತಿಯೂ ಸಿಕ್ಕಿದಳು. ನಟಿ ಆಸುನ್ಸಿಯೋನ್ ಬಲಾಗೇರ್ ಆತನ ಕಡೆಗಾಲದವರೆಗೂ ಜೊತೆಗಿದ್ದಳು.

ಲೂಯಿಸ್ ಬುನ್ಯುಯೆಲ್ ಎಂಬ ಮಹಾ ನಿರ್ದೇಶಕನ ಕಣ್ಣಿಗೆ ಬಿದ್ದುದು ರಬಾಲ್‌ನ ಬಾಳಿನ ದೊಡ್ಡ ತಿರುವು. 1959ರ 'ನಾಸರಿನ್' ಚಿತ್ರದಲ್ಲಿ ಆತ ಒಬ್ಬ ಬಡ ಪಾದ್ರಿ. ಕ್ರಿಸ್ತನ ಮಾತನ್ನು ಅಕ್ಷರಶಃ ನಡೆಸಹೊರಟು, ಎಲ್ಲರಿಂದಲೂ ತಿರಸ್ಕೃತನಾಗುವ ಆ ಸಾಧುವಿನ ಪಾತ್ರ ಆತನಿಗೆ ಹೊರದೇಶಗಳಲ್ಲಿ ಹೆಸರು ತಂದಿತು. ಅವರಿಬ್ಬರೂ ಪರಸ್ಪರ 'ಚಿಕ್ಕಪ್ಪ', 'ಮಗನೇ' ಎಂಬಂಥ ನಂಟಿನ ಮಾತುಗಳಲ್ಲಿಯೇ ಕರೆದುಕೊಳ್ಳುತ್ತಿದ್ದರಂತೆ. 1961ರಲ್ಲಿ ಬುನ್ಯುಯೆಲ್ ತೆಗೆದ 'ವಿರಿದಿಯಾನ' ಕಾನ್ ಚಿತ್ರೋತ್ಸವದ ಅತ್ಯುನ್ನತ ಬಹುಮಾನವನ್ನು ಹಂಚಿಕೊಂಡಿತು. ಆದರೆ ಫ್ರಾಂಕೋನ ಸರಕಾರ ಅದನ್ನು ಸ್ವದೇಶದಲ್ಲಿ ನಿಷೇಧಿಸಿತು. ಆ ಸರ್ವಾಧಿಕಾರಿ 1975ರಲ್ಲಿ ತೀರಿಕೊಂಡ ಮೇಲೆ, 1977ರಲ್ಲಷ್ಟೇ ಸ್ಪೇನಿನ ಜನ ಅದನ್ನು ತಮ್ಮ ಊರಿನ ಚಿತ್ರಮಂದಿರಗಳಲ್ಲಿ ಕಾಣುವಂತಾಯಿತು.

ಈತನ ಬಗೆಗೆ ಒಂದು ವಿನೋದದ ಕಥೆಯಿದೆ. ಅಮೆರಿಕದ ನಿರ್ದೇಶಕ ವಿಲಿಯಂ ಫ್ರೀಡ್ಕಿನ್ 1971ರ 'ದಿ ಫ್ರೆಂಚ್ ಕನೆಕ್ಷನ್' ಚಿತ್ರಕ್ಕೆ ರಬಾಲ್‌ನನ್ನೇ ಬಯಸಿದ್ದನು. ಹೆಸರು ಮರೆತು 'ಬುನ್ಯುಯೆಲ್ ಚಿತ್ರದ ಆ ನಟ' ಎಂದದ್ದರಿಂದ, ಸಹಾಯಕರು ಫೆರ್ನಾಂಡೊ ರೇ ಎಂಬ ಬೇರೆ ನಟನನ್ನು ಕರೆತಂದರು! ತಪ್ಪು ತಿಳಿದ ಮೇಲೆ ವಿಚಾರಿಸಿದರೆ, ರಬಾಲ್‌ನಿಗೆ ಇಂಗ್ಲಿಷ್ ಬಾರದು. ರೇ ಆ ಪಾತ್ರದಲ್ಲಿಯೇ ಉಳಿದನು. ಚಿತ್ರಕ್ಕೆ ಆಸ್ಕರ್ ಬಂದಿತು. ಇದನ್ನು ಫ್ರೀಡ್ಕಿನ್ ತಾನೇ ಹೇಳಿಕೊಂಡಿದ್ದಾನೆ. ಮುಂದೆ 1977ರಲ್ಲಿ ತನ್ನ 'ಸಾರ್ಸರರ್' ಚಿತ್ರಕ್ಕೆ ಆತ ರಬಾಲ್‌ನನ್ನು ಕರೆದನು. ಇಂಗ್ಲಿಷ್ ಬಾರದೆಂದು ಬಾಗಿಲು ಮುಚ್ಚುವ ಕಥೆ ನಮ್ಮ ಹಳ್ಳಿಗಳ ಹುಡುಗರಿಗೆ ಹೊಸದಲ್ಲ. ಮುಚ್ಚಿದ ಬಾಗಿಲು ಮತ್ತೆ ತೆರೆಯುವುದು ಮಾತ್ರ ಅಪರೂಪ.

ಆದರೆ ರಬಾಲ್‌ನ ಹಿರಿಮೆಯನ್ನು ನಾನು ಕಂಡದ್ದು 1984ರ 'ಲೋಸ್ ಸಾಂತೋಸ್ ಇನೊಸೆಂತೆಸ್', ಎಂದರೆ 'ಮುಗ್ಧ ಸಂತರು' ಎಂಬ ಚಿತ್ರದಲ್ಲಿ. ಇಂಗ್ಲಿಷ್ ಅಡಿಬರಹಗಳ ನೆರವಿನಿಂದ ಅದನ್ನು ಎರಡು ಸಲ ನೋಡಿದೆನು. ಮಿಗೆಲ್ ದೆಲಿಬೆಸ್‌ನ ಕಾದಂಬರಿಯನ್ನು ಆಧರಿಸಿ ಮಾರಿಯೊ ಕಾಮುಸ್ ತೆಗೆದ ಚಿತ್ರವದು. 1960ರ ದಶಕದ ಎಸ್ತ್ರೆಮಾದುರ ಪ್ರಾಂತದ ಒಂದು ಜಮೀನ್ದಾರಿ; ಅಲ್ಲಿ ದುಡಿಯುವ ಒಂದು ಬಡ ಸಂಸಾರ. ತಾಯಿ ರೇಗುಲಳಿಗೆ ಮಗಳನ್ನು ಶಾಲೆಗೆ ಕಳುಹಿಸುವ ಆಸೆ. ಮಗಳು ಮೇಲ್ವಿಚಾರಕನ ಮನೆಯ ಚಾಕರಿಗೆ ಹೋಗಬೇಕಾಗುತ್ತದೆ. ರೇಗುಲಳ ಅಣ್ಣ ಅಸಾರಿಯಾಸ್ ಮಂದಬುದ್ಧಿಯ ಮುದುಕ. ಅದೇ ರಬಾಲ್‌ನ ಪಾತ್ರ. ಅವನಿಗೆ ಪ್ರೀತಿಯದೆಂದರೆ ತಾನು ಸಾಕಿದ ಒಂದು ಹಕ್ಕಿ. ಕರೆದರೆ ಹಾರಿಬಂದು ಹೆಗಲ ಮೇಲೆ ಕುಳಿತುಕೊಳ್ಳುವ ಹಕ್ಕಿ. ಬೇಟೆ ಸಿಕ್ಕದ ಸಿಟ್ಟಿನಲ್ಲಿ ಧಣಿ ಇವಾನ್ ಅದನ್ನು ಗುಂಡಿಟ್ಟು ಕೊಲ್ಲುತ್ತಾನೆ. ಬೇಡವೆಂದು ಅಂಗಲಾಚುವಾಗಿನ ರಬಾಲ್‌ನ ಮುಖವನ್ನು ನೋಡಿದವರು ಮರೆಯಲಾರರು. ಮುಂದೆ ಆ ಮುದುಕ ಧಣಿಯನ್ನು ಮರಕ್ಕೆ ನೇಣುಹಾಕುತ್ತಾನೆ. ಇದು ನ್ಯಾಯವೋ ಅನ್ಯಾಯವೋ ಎಂದು ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ.

ಈ ಚಿತ್ರದಲ್ಲಿಯೇ ಇನ್ನೊಂದು ದೃಶ್ಯವಿದೆ. ನಮ್ಮ ದೇಶದಲ್ಲಿ ನಿರಕ್ಷರರಿಲ್ಲವೆಂದು ವಿದೇಶಿ ಅತಿಥಿಗೆ ತೋರಿಸಲು, ಇವಾನ್ ತನ್ನ ಆಳುಗಳನ್ನು ಕರೆದು ಹೆಸರು ಬರೆಯಿಸುತ್ತಾನೆ. ಅವರು ಒಂದೊಂದೇ ಅಕ್ಷರವನ್ನು ಪ್ರಯಾಸದಿಂದ ಮೂಡಿಸುತ್ತಾರೆ. ಈ ದೃಶ್ಯವನ್ನು ನಾನು ನೆಮ್ಮದಿಯಾಗಿ ನೋಡಲಾರದೆ ಹೋದೆನು. ನಮ್ಮ ತಾಯಿಗೆ ಬರುವುದು ತನ್ನ ಹೆಸರನ್ನು ಬರೆಯುವುದೊಂದೇ. ಮಹಿಳಾ ಸಂಘದ ಪುಸ್ತಕದಲ್ಲಿ ಸಹಿ ಹಾಕುವಾಗ ಆಕೆ ಉಸಿರು ಬಿಗಿಹಿಡಿಯುತ್ತಾಳೆ. ಒಮ್ಮೆ ಒಂದು ಕಚೇರಿಯಲ್ಲಿ ಅಕ್ಷರಗಳು ಒಂದರ ಮೇಲೊಂದು ಹತ್ತಿದ್ದನ್ನು ಕಂಡು ಮೇಜಿನಾಚೆಯವರು ನಕ್ಕರು. ತಂದೆಯವರು ಇಂದಿಗೂ ಹೆಬ್ಬೆಟ್ಟು ಒತ್ತುವವರೇ. ಆದರೆ ಒಂದು ಹಿಡಿ ಮಣ್ಣನ್ನು ಬೆರಳುಗಳಲ್ಲಿ ಹೊಸಕಿ ನೋಡಿ ಬಿತ್ತನೆಯ ಹದವನ್ನು ಹೇಳಬಲ್ಲರು. ಅವರ ಆ ವಿದ್ಯೆಗೆ ಯಾರೂ ಅಂಕ ಕೊಟ್ಟಿಲ್ಲ.

ರಬಾಲ್ ಅಸಾರಿಯಾಸ್‌ನನ್ನು ನಗೆಪಾಟಲು ಮಾಡಲಿಲ್ಲ. ಕನಿಕರದ ವಸ್ತುವನ್ನಾಗಿಯೂ ಮಾಡಲಿಲ್ಲ. ಹರಿದ ಬಟ್ಟೆ, ತಡವರಿಸುವ ನಡೆ, ಒಡಕು ದನಿ ಇವುಗಳ ಹಿಂದೆ ಒಬ್ಬ ಇಡಿಯ ಮನುಷ್ಯನಿದ್ದಾನೆಂದು ತೋರಿಸಿದನು. ಗಣಿಯ ಕೂಲಿಯ ಮನೆಯಲ್ಲಿ ಬೆಳೆದ ಕಣ್ಣು ಅಂಥ ಜನರನ್ನು ಮೇಲಿನಿಂದ ನೋಡಲಾರದು ಎಂದು ನನಗೆ ತೋರುತ್ತದೆ. ಆ ವರ್ಷ ಕಾನ್‌ನಲ್ಲಿ ಶ್ರೇಷ್ಠ ನಟನ ಪ್ರಶಸ್ತಿ ರಬಾಲ್‌ನಿಗೂ, ಆ ಸಂಸಾರದ ಯಜಮಾನನಾಗಿ ಅಭಿನಯಿಸಿದ ಆಲ್ಫ್ರೆಡೊ ಲಾಂದನಿಗೂ ಒಟ್ಟಾಗಿ ಬಂದಿತು.

ದೂರದರ್ಶನವನ್ನೂ ಆತ ಕೀಳೆಂದು ಎಣಿಸಲಿಲ್ಲ. 1989ರ 'ಹುಂಕಾಲ್' ಧಾರಾವಾಹಿಯಲ್ಲಿ, ಹಳೆಯ ಕೀರ್ತಿಯ ಮೇಲೆ ಬದುಕುವ ಮಾಜಿ ಗೂಳಿಕಾಳಗದ ವೀರನಾಗಿ ಸ್ಪೇನಿನ ಮನೆಮನೆಗೂ ಪರಿಚಿತನಾದನು. ಚಿತ್ರಕಾರ ಗೋಯನ ಪಾತ್ರವನ್ನಂತೂ ಆತ ಮೂರು ಸಲ ವಹಿಸಿದನು: 1971ರ ಒಂದು ಚಿತ್ರದಲ್ಲಿ, 1983ರ ಒಂದು ಧಾರಾವಾಹಿಯಲ್ಲಿ, ಕಡೆಗೆ ಕಾರ್ಲೋಸ್ ಸೌರನ 1999ರ 'ಬೋರ್ದೋದಲ್ಲಿ ಗೋಯ' ಚಿತ್ರದಲ್ಲಿ. ಗೋಯ ಪರದೇಶವಾಸಿಯಾಗಿ ಫ್ರಾನ್ಸಿನ ಬೋರ್ದೋ ನಗರದಲ್ಲಿ 1828ರಲ್ಲಿ ಸತ್ತವನು. 2001ರ ಆಗಸ್ಟ್ 29ರಂದು ರಬಾಲ್ ಮಾಂಟ್ರಿಯಲ್ ಚಿತ್ರೋತ್ಸವದಿಂದ ಮರಳುತ್ತಿದ್ದಾಗ ವಿಮಾನದಲ್ಲಿಯೇ ಕಾಯಿಲೆ ಬಿದ್ದು ತೀರಿಕೊಂಡನು. ವಿಮಾನ ಇಳಿದದ್ದು ಅದೇ ಬೋರ್ದೋದಲ್ಲಿ! ಚಿತಾಭಸ್ಮವನ್ನು ಆತನ ಹುಟ್ಟೂರಿನ ಮಣ್ಣಿಗೇ ಸೇರಿಸಿದರು.

ಲೋಕಕ್ಕೆಲ್ಲ ಫ್ರಾನ್ಸಿಸ್ಕೊ ರಬಾಲ್ ಆದವನು ತನ್ನವರಿಗೆ ಕೊನೆಯವರೆಗೂ 'ಪಾಕೊ' ಆಗಿಯೇ ಉಳಿದನು. ಓದು ಬೇಡವೆಂಬುದು ಆತನ ಬಾಳಿನ ಪಾಠವಲ್ಲ. ಓದು ಸಿಕ್ಕದವರ ನೋವನ್ನೇ ಆತ ಅಭಿನಯಿಸಿ ತೋರಿಸಿದನು. ಈ ವರ್ಷ ಕಾಲೇಜನ್ನು ಬಿಟ್ಟು ಹೊರಡಲಿರುವ ಗೆಳೆಯರೇ, ನಮ್ಮ ಪದವಿಯ ಕಾಗದವನ್ನು ಮೊದಲು ಅದನ್ನು ಓದಲಾರದ ಕೈಗಳಲ್ಲಿ ಇಡೋಣ. ನಾಳೆ ನಾವು ಯಾವುದಾದರೊಂದು ಮೇಜಿನ ಆಚೆ ಕುಳಿತಾಗ, ಈಚೆ ನಿಂತು ನಡುಗುವ ಕೈಯಿಂದ ಸಹಿ ಹಾಕುವವರನ್ನು ಕಂಡು ನಗದಿರೋಣ.