ಉಳಿದ ಗಾಯದ ಗುರುತುಗಳು



ಪಾಸ್ಖ ಹಬ್ಬ ಬಂದಾಗಲೆಲ್ಲ ಸಂತ ಯೊವಾನ್ನರ ಶುಭಸಂದೇಶದ 20ನೆಯ ಅಧ್ಯಾಯ ನನ್ನನ್ನು ತಡೆದು ನಿಲ್ಲಿಸುತ್ತದೆ. ಮರಣವನ್ನೇ ಜಯಿಸಿದ ಪ್ರಭು ತಮ್ಮ ಗಾಯಗಳನ್ನು ಅಳಿಸಿಕೊಳ್ಳಲಿಲ್ಲ. ಅವನ್ನೇ ಶಿಷ್ಯರಿಗೆ ತೋರಿಸಿದರು. ಏಕೆ?

2019ರ ಆಗಸ್ಟ್ ತಿಂಗಳಲ್ಲಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ನೀರು ಹೊರಬಿಟ್ಟಾಗ ಉಕ್ಕಿ ಹರಿದ ಘಟಪ್ರಭೆ ಗೋಕಾಕ ನಗರಕ್ಕೂ ಮೂಡಲಗಿ ತಾಲ್ಲೂಕಿನ ನದೀತೀರದ ಹಳ್ಳಿಗಳಿಗೂ ನುಗ್ಗಿತು. ಮನೆಗಳು ಕುಸಿದವು, ನಿಂತ ಬೆಳೆ ಕೊಳೆಯಿತು. ನೀರು ಇಳಿದ ಮೇಲೆ ಜನರು ಹಿಂದಿರುಗಿ ಕೆಸರು ತೆಗೆದರು, ಗೋಡೆ ಕಟ್ಟಿದರು, ಮತ್ತೆ ಬಿತ್ತಿದರು. 2021ರ ಜುಲೈಯಲ್ಲಿ ಹೊಳೆ ಮತ್ತೊಮ್ಮೆ ಉಕ್ಕಿತು. ಅವರು ಮತ್ತೊಮ್ಮೆ ಬಿತ್ತಿದರು.

ಇಂಥವರ ಮುಂದೆ ನಿಂತು ‘ಆದದ್ದನ್ನು ಮರೆತುಬಿಡಿ’ ಎನ್ನಲು ಯಾಜಕನಾದ ನನಗೆ ಅಧಿಕಾರವಿಲ್ಲ. ಪ್ರಭುವೇ ಮರೆಯಲಿಲ್ಲ. ಇನ್ನು ನೆರೆ ಬಾರದು ಎಂಬ ಭರವಸೆಯನ್ನು ಪುನರುತ್ಥಾನವು ನಮಗೆ ಕೊಡುವುದಿಲ್ಲ. ಗಾಯವಿದ್ದೂ ಜೀವವೇ ಗೆಲ್ಲುತ್ತದೆಂಬ ವಿಶ್ವಾಸವನ್ನು ಕೊಡುತ್ತದೆ.

ಈ ಹಬ್ಬದಂದು ಪಾಸ್ಖ ಮೇಣದ ಬತ್ತಿಯನ್ನು ಗಮನಿಸಿರಿ. ಪಂಚಗಾಯಗಳನ್ನು ಸೂಚಿಸುವ ಐದು ಧೂಪದ ಕಣಗಳು ಅದರಲ್ಲಿವೆ. ಜ್ಯೋತಿ ಉರಿಯುವುದು ಅವನ್ನು ಹೊತ್ತ ಬತ್ತಿಯ ಮೇಲೆಯೇ. ಆ ಬೆಳಕನ್ನು ನೊಂದ ಒಂದು ಮನೆಗೆ ಕೊಂಡೊಯ್ಯಿರಿ.